ಬಾಯಲ್ಲಿ ಮುರಿದದ್ದು

ನಮ್ಮ ಲ್ಯಾಬಿನಲ್ಲಿ ಒಂದು ನಿಯಮವಿದೆ: ಬಾಯಲ್ಲಿ ಮುರಿದದ್ದು ಲೆಕ್ಕಕ್ಕಿಲ್ಲ. ಬಾಯಿ ಅಂದರೆ ಎಳೆಯುವ ಯಂತ್ರದ ಬಾಯಿ. ಲೋಹದ ತುಂಡನ್ನು ಅದು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಳೆದು ಮುರಿಯುತ್ತದೆ. ಕಚ್ಚಿದ ಜಾಗದಲ್ಲೇ ಮುರಿದರೆ ತಪ್ಪು ಯಂತ್ರದ್ದು, ತುಂಡಿನದಲ್ಲ. ಅಂಥದ್ದನ್ನು ಬಿಟ್ಟುಬಿಡುತ್ತೇವೆ. ಇಷ್ಟು ಗೊತ್ತಿದ್ದರೆ ಸಾಕು, ನಾನು ಮಾಡಿದ ಘನಂದಾರಿ ಕೆಲಸ ಯಾರಿಗಾದರೂ ಅರ್ಥವಾಗುತ್ತದೆ.

ಮುರಿಯುವುದು ಅಪ್ಪ, ಲೆಕ್ಕ ಹಾಕುವುದು ನಾನು. ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು ನಿವೃತ್ತಿಯ ಮೇಲೆ ಮನೆಯಲ್ಲಿ ಕೂತು ಅಮ್ಮನ ತಲೆ ತಿನ್ನುವುದು ಬೇಡವೆಂದು ಅವರನ್ನು ಇಲ್ಲಿಗೆ ಸೇರಿಸಿದವಳೂ ನಾನೇ. ಸೇರಿ ಎರಡು ತಿಂಗಳಾಗಿತ್ತು. ಯಾವ ವಸ್ತು ಎಷ್ಟು ಭಾರಕ್ಕೆ, ಎಲ್ಲಿ ಮುರಿಯುತ್ತದೆ ಎಂದು ನಾನು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಮೊದಲೇ ಹೇಳುತ್ತೇನೆ. ಅಪ್ಪ ಮುರಿದು ನೋಡುತ್ತಾರೆ. ಎರಡೂ ಹೊಂದಿದರೆ ನನ್ನ ಸಹಿ ಬೀಳುತ್ತದೆ.

ಆ ಕೆಲಸ ತಂದವನು ನನ್ನ ತಮ್ಮ. ನೀರಿನ ಟ್ಯಾಂಕುಗಳಿಗೆ ಬಣ್ಣ ಬಳಿಯುವವನು. ಅವರು ನಿಲ್ಲುವ ತೂಗು ಅಟ್ಟಣೆಯನ್ನು ನಾಲ್ಕು ಮೂಲೆಯಲ್ಲಿ ನಾಲ್ಕು ಉಕ್ಕಿನ ಕಿವಿಗಳು ಹಿಡಿದಿರುತ್ತವೆ. ಕಿವಿ ಅಂದರೆ ಅಂಗೈಯಗಲದ ಪಟ್ಟಿ, ಕೊಕ್ಕೆ ಸಿಕ್ಕಿಸಲು ಅದರಲ್ಲೊಂದು ತೂತು. ಹೊಸದಾಗಿ ಬಂದವುಗಳಲ್ಲಿ ಆರನ್ನು ತಂದು ನನ್ನ ಮೇಜಿನ ಮೇಲೆ ಸುರಿದ.

"ಚೆನ್ನಾಗಿ ಹಿಂಡಿ ನೋಡಕ್ಕಾ. ಇದಕ್ಕೆ ನೇತಾಡೋನು ನಾನೇ."

"ನಿನ್ನ ಕಿವಿ ಹಿಂಡಿ ಹಿಂಡಿ ಅಭ್ಯಾಸ ಇದೆ ಬಿಡು," ಅಂದೆ.

ನನ್ನ ಮಾದರಿ ಒಂದೂವರೆ ಟನ್ನು ಅಂದಿತು. ಅಪ್ಪನ ಪುಸ್ತಕದಲ್ಲಿ ನಾಲ್ಕು ಕಿವಿಗಳು ಹೆಚ್ಚು ಕಡಿಮೆ ಅಷ್ಟಕ್ಕೇ ಮುರಿದಿದ್ದವು. ಉಳಿದೆರಡು ನಾನೂರು ಕಿಲೋಗೇ ಹೋಗಿದ್ದವು. ಅವುಗಳ ಪಕ್ಕದಲ್ಲಿ ಅಪ್ಪನ ದುಂಡು ಅಕ್ಷರ: "ಬಾಯಲ್ಲಿ ಮುರಿಯಿತು." ಬಿಟ್ಟೆ. ಮಿಕ್ಕ ನಾಲ್ಕು ನನ್ನ ಮಾದರಿಗೆ ಹೇಳಿ ಮಾಡಿಸಿದ ಹಾಗೆ ಕೂತವು. ಸುಳ್ಳೇಕೆ, ಖುಷಿಯಾಯಿತು. ಸಹಿ ಹಾಕಿದೆ.

ಎಂಟು ದಿನದ ಮೇಲೆ ಬೆಳಿಗ್ಗೆ, ವರದಿಗೆ ಫೋಟೋ ಬೇಕೆಂದು ಮುರಿದ ತುಂಡುಗಳ ಡಬ್ಬಿ ತೆಗೆದೆ. ಆ ಎರಡರಲ್ಲೂ ಯಂತ್ರ ಕಚ್ಚಿದ ತುದಿ ನೆಟ್ಟಗೇ ಇತ್ತು. ಹರಿದಿದ್ದದ್ದು ತೂತಿನ ಅಂಚು. ತೂತನ್ನು ಕೊರೆದಿರಲಿಲ್ಲ, ಗುದ್ದಿ ತೆಗೆದಿದ್ದರು. ಗುದ್ದಿದಲ್ಲಿ ಕೂದಲೆಳೆಯಂಥ ಬಿರುಕು, ಒಳಗೆ ಹಳೆಯ ತುಕ್ಕು. ನನ್ನ ಕಂಪ್ಯೂಟರಿನ ತೂತಿಗೆ ಬಿರುಕೇ ಇರಲಿಲ್ಲ.

ತುಂಡು ಹಿಡಿದು ಓಡಿದೆ. "ಅಪ್ಪಾ, ಇದು ಬಾಯಲ್ಲಿ ಮುರೀತು ಅಂತ ಬರ್ದಿದ್ದೀರಲ್ಲ?"

"ಹೂಂ, ತೂತಿನ ಬಾಯಲ್ಲಿ. ಕಾಣ್ತಿಲ್ವಾ?"

"ಮತ್ತೆ ಯಂತ್ರದ ಬಾಯಿ?"

"ಅದು ಹಿಡಿ ಅಲ್ವೇನೇ?" ಅಪ್ಪ ನನ್ನ ಮುಖ ನೋಡಿದರು. ಎಣ್ಣೆ ಒರೆಸುತ್ತಿದ್ದ ಕೈ ನಿಂತಿತು. "ನಿಂಗೆ ಅರ್ಥ ಆಗುತ್ತೆ ಅಂತ ಅಷ್ಟೇ ಬರ್ದೆ. ನನ್ನ ಮಗಳಲ್ವಾ."

ಬಾವಿಯ ಬಾಯಿ, ಚೀಲದ ಬಾಯಿ, ಡಬ್ಬಿಯ ಬಾಯಿ ಅಂತ ಹುಟ್ಟಿದಾಗಿನಿಂದ ಕೇಳಿಕೊಂಡೇ ಬೆಳೆದವಳು ನಾನು. ನನ್ನ ಮೇಜಿಗೂ ಆ ಯಂತ್ರಕ್ಕೂ ಇಪ್ಪತ್ತು ಹೆಜ್ಜೆ. ಎದ್ದು ಹೋಗಿ ಒಂದು ಮಾತು ಕೇಳಲು ನನಗೇನು ರೋಗ ಬಂದಿತ್ತು?

ತಮ್ಮನಿಗೆ ಫೋನ್ ಮಾಡಿದೆ. ಮೇಲೆ ಹತ್ತುವಾಗ ಫೋನು ಕೆಳಗೇ ಇಡಬೇಕು; ಅದು ಯಾವುದೋ ಪೆಟ್ಟಿಗೆಯೊಳಗೆ ಹೊಡೆದುಕೊಂಡೇ ಇತ್ತು. ಸ್ಕೂಟರ್ ಹತ್ತಿದೆ. ಯಾವ ಸಿಗ್ನಲ್ಲಿನಲ್ಲೂ ನಿಲ್ಲಲಿಲ್ಲ. ದೇವರೇ, ಇವತ್ತೊಂದು ದಿನ ಅವನು ಸೋಮಾರಿಯಾಗಿ ಮಲಗಿರಲಿ ಎಂದು ಬೇಡಿಕೊಂಡೆ.

ಮಲಗಿರಲಿಲ್ಲ. ಐದು ಜನ ಮೇಲಿದ್ದರು, ಅಟ್ಟಣೆಯ ಉದ್ದಕ್ಕೂ ಹರಡಿಕೊಂಡು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ: "ಇಳೀರೋ! ಎಲ್ರೂ ಇಳೀರಿ! ಈಗ್ಲೇ!"

ತಮ್ಮ ಬಗ್ಗಿ ನೋಡಿ ಕೈಬೀಸಿದ. ಉಳಿದವರಿಗೆ ಏನೋ ಹೇಳಿದ. ಕುಂಚಗಳನ್ನು ಇಟ್ಟು ಐವರೂ ಏಣಿಯ ಕಡೆ ನಡೆದರು. ಏಣಿ ಇದ್ದದ್ದು ಒಂದೇ ಮೂಲೆಗೆ.

ಆಗ ತಲೆಯಲ್ಲಿ ಲೆಕ್ಕ ತಾನಾಗಿ ಓಡಿತು. ಹರಡಿಕೊಂಡಿದ್ದರೆ, ಅಟ್ಟಣೆಯ ತೂಕವೂ ಸೇರಿ, ಕಿವಿಗೆ ಇನ್ನೂರು ಕಿಲೋ. ಐವರೂ ಒಂದೇ ಮೂಲೆಗೆ ಬಂದರೆ ಆ ಒಂದು ಕಿವಿಗೆ ನಾನೂರೈವತ್ತು.

"ಬೇಡ! ಅಲ್ಲೇ ಇರಿ! ಒಬ್ಬೊಬ್ರೇ!" ಎಂದು ಅರಚಿದೆ. ಅವನು ಕಿವಿಗೆ ಕೈ ಹಚ್ಚಿ, ಕೇಳಿಸುತ್ತಿಲ್ಲ ಎಂದು ತೋರಿಸಿದ. ಏಣಿಗೆ ದಾಟಲು, ಮೇಲಿನ ಹಗ್ಗಕ್ಕೆ ಸಿಕ್ಕಿಸಿದ ಸುರಕ್ಷತಾ ಬೆಲ್ಟು ಬಿಚ್ಚಲೇಬೇಕು. ಮುಂದಿದ್ದ ಒಬ್ಬನನ್ನು ಏಣಿಗೆ ದಾಟಿಸಿದ. ಮಿಕ್ಕವರು ಬೆಲ್ಟು ಬಿಚ್ಚುವ ಮೊದಲೇ ತನ್ನದನ್ನು ಬಿಚ್ಚಿಕೊಂಡು ಅವರಿಗೆ ದಾರಿ ಬಿಟ್ಟು ಅಂಚಿಗೆ ನಿಂತ. ಅಕ್ಕ ಹೇಳಿದ ಮಾತನ್ನು ಹುಟ್ಟಿದಾಗಿನಿಂದ ಒಂದು ದಿನ ಕೇಳಿದವನಲ್ಲ. ಅವತ್ತು ಕೇಳಿದ.

ಟಪ್ ಎಂದಿತು, ಅಷ್ಟೇ. ಅಟ್ಟಣೆ ಒಂದು ಮೂಲೆಗೆ ಜೋತುಬಿತ್ತು. ಬೆಲ್ಟಿದ್ದ ಮೂವರು ನೇತಾಡುತ್ತಾ ಉಳಿದರು. ನನ್ನ ತಮ್ಮ ಉಳಿಯಲಿಲ್ಲ.

ಹದಿನೈದು ದಿನದ ಮೇಲೆ ಆ ಕಿವಿ ಲ್ಯಾಬಿಗೆ ಬಂತು. ಪರೀಕ್ಷೆಗೆ ಬೇರೆ ಕಡೆ ಹೋಗಬೇಕು. ಅದಕ್ಕೆ ಮೊದಲು ನಮ್ಮ ಪುಸ್ತಕಕ್ಕೆ ಏರಬೇಕು. ಬೇಡವೆಂದರೂ ಕೇಳದೆ ಅಪ್ಪ ತಾವೇ ಪೆನ್ನು ಹಿಡಿದರು. ತುಂಡನ್ನು ಬೆಳಕಿಗೆ ತಿರುಗಿಸಿ ನೋಡಿ, ಮಗುವಿನ ಹಾಗೆ ನಿಧಾನವಾಗಿ ಬರೆದರು: "ಬಾಯಲ್ಲಿ ಮುರಿಯಿತು." ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಮೇಲ್ಗಡೆ ಸಣ್ಣ ಅಕ್ಷರದಲ್ಲಿ "ತೂತಿನ" ಎಂದು ಸೇರಿಸಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

"ಈಗ ಅರ್ಥ ಆಗುತ್ತಾ ಮಗಳೇ?"

ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೇ ಕೇಳಿದರು. ಹೂಂ ಅಂದೆ.