ಗೋಡೆ ಹಿಡಿದು ಹೋದ ಗಾಡಿ

ಗಂಡನ ತಿಥಿ ಮುಗಿದು ನೆಂಟರೆಲ್ಲ ಹೋದ ಮಾರನೆಯ ಬೆಳಗ್ಗೆ ಜಯಕ್ಕ ಎಂದಿನಂತೆ ಒಲೆ ಹಚ್ಚಿದಳು. ಅಳು ಬರಲಿಲ್ಲ. ಅಂಗಳದಲ್ಲಿ ಭಾವ ಅಜ್ಜಪ್ಪ ಗಾಡಿಯ ಸುತ್ತ ತಿರುಗುತ್ತಿದ್ದ. ಅದು ಅವಳ ಗಂಡ ಚಿತ್ತಪ್ಪ ಚಿಕ್ಕಜಾಜೂರಿನ ರೈಲ್ವೆ ಸಿಗ್ನಲ್ ಕೆಲಸ ಮುಗಿಸಿ ಬಂದು ಸಂಜೆಸಂಜೆ ಕಟ್ಟಿದ ಮೂರು ಗಾಲಿಯ ಯಂತ್ರ. ಯಾರೂ ಹಿಡಿಯದೆ ತಾನೇ ಊರು ದಾಟಬೇಕೆಂಬುದು ಗಂಡಹೆಂಡಿರ ಹಟವಾಗಿತ್ತು.

"ಗೋವಿಂದಪ್ಪ ಹೇಳಿಕಳ್ಸ್ಯಾನೆ. ಇದಕ್ಕೆ ಎರವಲು ತಂದಿದ್ದ ಅವನ ಟ್ರ್ಯಾಕ್ಟರ್ ಬ್ಯಾಟರಿ ಇವತ್ತೇ ವಾಪಸ್ ಬೇಕಂತೆ. ಅದನ್ನ ಬಿಚ್ಚಿ ಕೊಟ್ಟು, ಉಳಿದಿದ್ದು ಗುಜರಿಗೆ ಹಾಕ್ತೀನಿ."

"ಬ್ಯಾಟರಿ ನಾನೇ ಕೊಟ್ಟು ಬರ್ತೀನಿ, ಭಾವ."

"ಇಷ್ಟು ಬೇಗ ಓಣಿಗಿಳೀತೀಯಾ? ಜನ ಏನಂದಾರು?"

"ಏನಂತಾರೋ ಕೇಳ್ಕಂಡೇ ಬರ್ತೀನಿ."

ಬ್ಯಾಟರಿ ಹೋದರೆ ಗಾಡಿ ಬರೀ ಕಬ್ಬಿಣ. ಓಡಿಸಿ ನೋಡಲು ಇದೊಂದೇ ಸಲ.

ಚಿತ್ತಪ್ಪ ಊರನ್ನೆಲ್ಲ ಒಂದೇ ಹಾಳೆಯಲ್ಲಿ ಅಳೆದು ಬರೆದು, ಗಾಲಿಯ ಸುತ್ತು ಎಣಿಸಿ ನಡೆಸುತ್ತಿದ್ದ. ಮೊದಲ ತಿರುವಿನ ಕೂದಲೆಳೆಯಷ್ಟು ತಪ್ಪು ಬೆಳೆಬೆಳೆದು ಗಾಡಿ ಮೋರಿಗೆ ಬೀಳುತ್ತಿತ್ತು. ಊರನ್ನು ಅಳೆಯುವುದು ಬೇಡ, ಗುರುತಿನಿಂದ ಗುರುತಿಗೆ ಹೋದರೆ ಸಾಕು ಎಂದು ಭೌತಶಾಸ್ತ್ರ ಓದಿದ್ದ ಜಯಕ್ಕ ವಾದಿಸಿದ್ದಳು. ಎಡಗೋಡೆ ಹಿಡಿದು ಹೋಗು. ಗೋಡೆ ತಪ್ಪಿದಲ್ಲಿ ಎಡಕ್ಕೆ ತಿರುಗು. ಅದು ಓಣಿಯೇ ಆಗಿದ್ದರೆ ಬಲಕ್ಕೂ ಗೋಡೆ ತಾಗುತ್ತದೆ. ತಾಗದಿದ್ದರೆ ಹಿಂದಕ್ಕೆ ಬಂದು ಮುಂದಿನ ಗೋಡೆ ಹಿಡಿ. "ದಾರಿ ತಪ್ಪಿದೆ ಅಂತ ಕಬ್ಬಿಣಕ್ಕೆ ಗೊತ್ತಾಗುತ್ತಾ?" ಎಂದು ಚಿತ್ತಪ್ಪ ನಕ್ಕಿದ್ದ. ಆದರೂ ಎರಡೂ ಪಕ್ಕಕ್ಕೆ ಕೊಡೆಯ ಕಡ್ಡಿ ಕಟ್ಟಿಕೊಟ್ಟಿದ್ದ. ಗೋಡೆ ಸವರಲು.

ಗಾಡಿ ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕೆಂದು ಮೊಳೆಗಳಿಂದಲೇ ಹೇಳುವ ಮರದ ಉರುಳೆಗೆ ತನ್ನ ಲೆಕ್ಕದಂತೆ ಮೊಳೆ ಹೊಡೆದು, ಜಯಕ್ಕ ಗುಂಡಿ ಒತ್ತಿದಳು. ಗಾಡಿ ಗುರುಗುಟ್ಟುತ್ತ ಬೀದಿಗಿಳಿಯಿತು. ಬೋಳು ಹಣೆಯಲ್ಲೇ ಅವಳು ಹಿಂದೆ ನಡೆದಳು. ಸೆರಗು ತಲೆಗೆ ಎಳೆದುಕೊಳ್ಳಲಿಲ್ಲ.

ಗಂಗಕ್ಕನ ಮನೆಯ ಗೇಟು ತೆರೆದಿತ್ತು. ಗೋಡೆ ತಪ್ಪಿತು, ಗಾಡಿ ಓಣಿಯೆಂದುಕೊಂಡು ಸೀದಾ ಅವಳ ಅಂಗಳಕ್ಕೆ ನುಗ್ಗಿತು.

"ಅಯ್ಯೋ, ಹೋಗೋನು ಕಬ್ಬಿಣದ ಟಗರು ಬಿಟ್ಟೋಗ್ಯಾನಲ್ಲೇ!" ಗಂಗಕ್ಕ ಮೊರ ಎತ್ತಿಕೊಂಡು ಓಡಿದಳು. ಬೀದಿಯೆಲ್ಲ ನಕ್ಕಿತು.

"ಎತ್ತಿ ತಿರುಗ್ಸು, ಮರ್ಯಾದೆ ಹೋಯ್ತು!" ಹಿಂದೆಯೇ ಬಂದಿದ್ದ ಅಜ್ಜಪ್ಪ ಹಲ್ಲು ಕಡಿದ.

"ಮುಟ್ಟಬ್ಯಾಡ್ರಿ ಭಾವ."

ಬಲಗಡೆಯ ಕಡ್ಡಿ ಗಾಳಿಯಲ್ಲೇ ತಡಕಾಡಿತು. ಏನೂ ತಾಗಲಿಲ್ಲ. ಒಳಗೆಲ್ಲೋ ಟಕ್ಕೆಂದಿತು. ಗಾಡಿ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು, ಗೇಟು ದಾಟಿ ಮತ್ತೆ ಬೀದಿಯ ಗೋಡೆ ಹಿಡಿಯಿತು. ನಗು ನಿಂತಿತು. ಮುಂದಿನ ಸಂದಿನಲ್ಲಿ ಎರಡೂ ಕಡ್ಡಿಗೆ ಗೋಡೆ ಸಿಕ್ಕಿತು.

ಕಂಡೆಯಾ, ಎಂದಳು ಜಯಕ್ಕ ಮನಸ್ಸಿನಲ್ಲೇ. ಇಲ್ಲದವನಿಗೆ.

ಓಣಿ ಮುಗಿದಲ್ಲಿ ಗೋವಿಂದಪ್ಪನ ಜಗಲಿ. ಅವನು ಎದ್ದು ನಿಂತ.

"ತಾನೇ ಬಂತೇನವ್ವಾ? ಇರ್ಲಿ ಬಿಡು, ಬ್ಯಾಟರಿ ಇನ್ನೂ ನಾಕು ದಿನ ಇಟ್ಕಳವ್ವ."

"ಬ್ಯಾಡ ಗೋವಿಂದಣ್ಣ. ಇದು ಅವರು ತಂದ ಎರವಲು. ನನಗೆ ಬೇಕಾದಾಗ ನಾನೇ ಬಂದು ಕೇಳ್ತೀನಿ. ಗಾಡಿ ಗುಜರಿಗೆ ಹೋಗಲ್ಲ. ಕೇಳುಸ್ತಾ, ಭಾವ?"

ಅವಳು ತಂತಿ ಬಿಚ್ಚಿದಳು. ಗುರುಗುಟ್ಟುವುದು ನಿಂತಿತು. ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎತ್ತಿ ಜಗಲಿಯ ಮೇಲಿಟ್ಟಳು.