ರೆಕ್ಕೆಯ ಕೆಳಗಿನ ಗುಂಗು

ನಾನು ಒಂದು ವಿದ್ಯುತ್ ಪರಿವರ್ತಕ. ಊರಿನ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ತೂಗುತ್ತದೆ. ವಿಮಾನಕ್ಕೆ ನಾಲ್ಕುನೂರು ಬೇಕು. ನೆಲದ ಮೇಲೆ ನಿಂತ ವಿಮಾನಕ್ಕೆ ಆ ಲಯ ಕಟ್ಟಿಕೊಡುವುದೇ ನನ್ನ ಕೆಲಸವಾಗಿತ್ತು.

ಪೀಣ್ಯದ ತಗಡಿನ ಶೆಡ್ಡೊಂದರಲ್ಲಿ ಸರ್ವಮಂಗಳಾ ನನ್ನನ್ನು ಕಟ್ಟಿದಳು. ಅವಳ ಪುಟ್ಟ ಕಾರ್ಖಾನೆಯ ಮೊದಲ ಕೂಸು ನಾನು. ಮೊದಲ ಸಲ ವಿದ್ಯುತ್ತು ಹರಿದಾಗ ಗುಂಯ್ ಎಂದೆ. ಅವಳು ಕಣ್ಣು ಮುಚ್ಚಿ ಕೇಳಿ, "ಶ್ರುತಿ ಸೇರ್ತು ಕಣೋ" ಎಂದಳು.

ಬೆಳಗಾವಿ ಸೀಮೆಯ ವಿಮಾನ ದುರಸ್ತಿ ಶೆಡ್ಡಿಗೆ ನನ್ನನ್ನು ಪರೀಕ್ಷೆಗೆ ಕಳಿಸಿದರು. ಒಪ್ಪಿಗೆಯಾದರೆ ಉಳಿಯುವುದು, ವಾಪಸು ಬಂದರೆ ಅವಳ ಕಾರ್ಖಾನೆಗೆ ಬೀಗ. ಅಲ್ಲಿನ ಹಿರಿಯ ಮೆಕ್ಯಾನಿಕ್ ಗುರುಪಾದಪ್ಪ ಬೆಳಿಗ್ಗೆ ನನ್ನ ಸ್ವಿಚ್ಚು ಒತ್ತಿ, ನನ್ನ ದನಿಗೇ ದನಿ ಕೂಡಿಸಿ ಷಟ್ಪದಿ ಹೇಳುತ್ತಿದ್ದರು. ಅವರ ಮೊಣಕಾಲಿನ ಮಟ್ಟದಲ್ಲಿ ನಿಂತು ಕೇಳುತ್ತಿದ್ದೆ. ಎಂಥ ಬೆಳಗುಗಳು ಅವು!

ಖಂಡೆಪೂಜೆ, ಆ ಸೀಮೆಯ ಆಯುಧಪೂಜೆ, ಬಂತು. ಗುರುಪಾದಪ್ಪ ನನಗೆ ಕುಂಕುಮ ಹಚ್ಚಿ, ಮೈತುಂಬ ಚೆಂಡುಹೂವಿನ ಮಾಲೆ ಸುತ್ತಿದರು. ನಾನು ಉಬ್ಬಿಹೋದೆ.

ಮರುದಿನವೇ ಕೊನೆಯ ಪರೀಕ್ಷೆ. ಸರ್ವಮಂಗಳಾ ಬಂದಿದ್ದಳು. ವಿಮಾನದ ದೀಪಗಳು ಹತ್ತಿದವು. ತುಸು ಹೊತ್ತಿಗೆ ಮೈ ಕಾದು ಆರಿಹೋದೆ. ಮತ್ತೆ ಹಚ್ಚಿದರು, ಮತ್ತೆ ಆರಿದೆ.

"ಅಕ್ಕಾರ, ನಿಮ್ಮ ಪೆಟ್ಟಿಗಿಗೆ ಜ್ವರ ಬಂದೈತಿ. ಗುಳಿಗಿ ಕೊಡೂನೇನು?" ಎಂದು ಶೆಡ್ಡಿನ ಮ್ಯಾನೇಜರು ನಕ್ಕರು. "ಇಲ್ಲಾ, ತವರಿಗೇ ಕಳಸೂನು?"

ಅವಳು ನಗಲಿಲ್ಲ. ನಿಯಂತ್ರಣದ ಕಾರ್ಡುಗಳನ್ನೆಲ್ಲ ತಡಕಿದಳು. ತಪ್ಪು ಸಿಗಲಿಲ್ಲ. ಸೋತು ನನ್ನ ಬೆನ್ನಿಗೆ ಅಂಗೈ ಊರಿದಳು. ಅಲ್ಲಿ ಬೀಸಬೇಕಾದ ಗಾಳಿಯೇ ಇರಲಿಲ್ಲ. ಜಾಲರಿ ಬಿಚ್ಚಿದರೆ ಒಳಗೆಲ್ಲ ಹಳದಿ ಎಸಳಿನ ದಪ್ಪ ಪದರ. ನನ್ನ ಫ್ಯಾನು ಮಾಲೆಯನ್ನು ಎಳೆದೆಳೆದು ನುಂಗಿತ್ತು.

ಗುರುಪಾದಪ್ಪನವರ ಮುಖ ಸಣ್ಣದಾಯಿತು. "ನಾನಽ ಹಾಕೀನಿ, ತಂಗಿ. ದೇವ್ರು ಅಂತ ತಿಳದು ಹಾಕೀನಿ."

"ಹಾಕಿ ಅಜ್ಜಾ. ದೇವರಿಗೂ ಮೂಗು ಅಂತ ಒಂದಿರುತ್ತಲ್ವಾ, ಅದೊಂದು ಬಿಟ್ಟು ಹಾಕಿ."

ಶೆಡ್ಡೆಲ್ಲ ನಕ್ಕಿತು, ಮ್ಯಾನೇಜರೂ. ಎಸಳನ್ನೆಲ್ಲ ಬಳಿದು ತೆಗೆದು ನನ್ನನ್ನು ಮತ್ತೆ ಚಾಲೂ ಮಾಡಿದರು. ಸಂಜೆಯವರೆಗೆ ಒಂದೇ ದನಿಯಲ್ಲಿ ದುಡಿದೆ. ಉಳಿದೆ.

ಆಮೇಲೆ ಎಷ್ಟೋ ವಿಮಾನಗಳು ನನ್ನ ಕೇಬಲ್ ಕಳಚಿಕೊಂಡು ಹಾರಿದವು. ನಾನು ನೆಲದಲ್ಲೇ ಇದ್ದೆ. ಗುರುಪಾದಪ್ಪ ನಿವೃತ್ತರಾದ ಮೇಲೆ ಷಟ್ಪದಿ ನಿಂತಿತು. ಹೊಸಬರು ಕಿವಿಗೆ ಮುಚ್ಚಳ ಹಾಕಿಕೊಂಡೇ ನನ್ನ ಬಳಿ ಬರುತ್ತಿದ್ದರು.

ಈಗ ಮುಪ್ಪಿಗೆ ನನ್ನೊಳಗಿನ ಕೆಪಾಸಿಟರುಗಳು ಊದಿವೆ. ನನ್ನನ್ನು ಮೂಲೆಗೆ ಸರಿಸಿ ಹೊಸಬನೊಬ್ಬನನ್ನು ತಂದು ನಿಲ್ಲಿಸಿದ್ದಾರೆ. ಅವನ ಎದೆಯ ಫಲಕದಲ್ಲಿ ಸರ್ವಮಂಗಳಾಳ ಕಾರ್ಖಾನೆಯದೇ ಹೆಸರು. ಮೊದಲ ದಿನ ಅವನನ್ನು ಚಾಲೂ ಮಾಡಿದರು. ದನಿ ಎಷ್ಟು ಮೆದುವೆಂದರೆ, ಶೆಡ್ಡಿನಲ್ಲಿ ಯಾರೂ ತಲೆಯೆತ್ತಲಿಲ್ಲ.

ನಾನೊಬ್ಬನೇ ಕೇಳುತ್ತಿದ್ದೆ.