ಎರಡು ಸಲ ತಿದ್ದಿದ ತಪ್ಪು

ಮೂರಕ್ಕೆ ಸಾಹೇಬ್ರು ಬರೋರಿದ್ದರು. ಎರಡು ಹೊಡೆದಿತ್ತು, ನನಗೆ ನಿಂತಲ್ಲಿ ನಿಲ್ಲಕ್ಕಾಗ್ತಿರಲಿಲ್ಲ. ಹಲಗೆ ಮೇಲೆ ಸಾಲಾಗಿ ಜೋಡಿಸಿದ ನನ್ನ ಹದಿನಾರು ಆಂಟೆನಾ ಸೇರಿ ಎದುರು ಕಟ್ಟಡದ ತಾರಸಿಯಲ್ಲಿದ್ದ ರಿಸೀವರ್ ಕಡೆ ಸಿಗ್ನಲ್ ಎಸೆಯಬೇಕು. ಹಾಳಾದವು, ಪಕ್ಕದ ನೀರಿನ ಟ್ಯಾಂಕಿಗೆ ಎಸೀತಿದ್ದವು! ಇವತ್ತು ಕೈಕೊಟ್ಟರೆ ಆಂಟೆನಾ ವಿಭಾಗ ಮುಚ್ಚಿ ಎಲ್ಲ ಸಾಫ್ಟ್‌ವೇರಲ್ಲೇ ಮಾಡಿಸ್ತೀನಿ ಅಂತ ಸಾಹೇಬ್ರು ಖಡಾಖಂಡಿತವಾಗಿ ಹೇಳಿದ್ದರು. ಆಂಟೆನಾ ವಿಭಾಗ ಅಂದ್ರೆ ನಾನೊಬ್ಬನೇ.

ಸಿಗ್ನಲ್ ಯಾವ ಕಡೆ ತಿರುಗಬೇಕು ಅಂತ ಲೆಕ್ಕ ಹಾಕೋ ಆ ಸಾಫ್ಟ್‌ವೇರ್ ಬರೆಯೋಳು ನನ್ನ ನಾದಿನಿ. ಗೋಡೆಯಾಚೆ ಕೂರ್ತಾಳೆ. ಮನೇಲಿ ನಗ್ತಾ ಇರ್ತೀವಿ, ಕೆಲಸಕ್ಕೆ ಬಂದರೆ ಎಣ್ಣೆ ಸೀಗೇಕಾಯಿ.

"ನಿನ್ನ ಲೆಕ್ಕ ಎಡವಟ್ಟಾಗಿದೆ ಕಣೇ!" ಅಂತ ಬಾಗಿಲು ದೂಡಿ ನುಗ್ಗಿದೆ.

"ನಿಮ್ಮ ಬೆಸುಗೆ ನೋಡ್ಕೊಳ್ಳಿ, ಭಾವ."

"ನೋಡದೆ ಏನು? ಹತ್ತಿರ ನಿಂತ ಆಂಟೆನಾಗಳು ಒಂದರ ಸಿಗ್ನಲ್‌ನಲ್ಲಿ ಇನ್ನೊಂದು ಮೂಗು ತೂರಿಸ್ತವೆ. ಅದನ್ನ ಸರಿಮಾಡಕ್ಕೆ ಮೂರು ವಾರ ಕೂತು ಅಂಚಿನವುಗಳ ಸಿಗ್ನಲ್ ಚೂರು ತಡವಾಗ್ಲಿ ಅಂತ ಅವುಗಳ ಕೇಬಲ್ ಉದ್ದ ಮಾಡಿದೀನಿ."

ಅವಳ ಬೆರಳು ಕೀಬೋರ್ಡ್ ಮೇಲೇ ನಿಂತವು. "ಅಯ್ಯೋ ಭಾವ! ಅದನ್ನೇ ನಾನೂ ಇಲ್ಲಿ ತಿದ್ದಿದೀನಲ್ಲ!"

ಕರ್ಮ. ಒಂದೇ ತಪ್ಪನ್ನು ಗೋಡೆಯ ಈಚೆ ನಾನು, ಆಚೆ ಅವಳು, ಒಬ್ಬರಿಗೊಬ್ಬರು ಹೇಳದೆ ತಿದ್ದಿ ಹೊಸ ತಪ್ಪು ಮಾಡಿದ್ದೆವು.

"ನೀನು ಅಳಿಸು. ಒಂದು ಸಾಲು ತಾನೇ?"

"ಅಳಿಸ್ತೀನಿ. ಆದ್ರೆ ನಿಮ್ಮ ಕೇಬಲ್ ಒಂದು ದಿಕ್ಕಿಗೆ ಮಾತ್ರ ಸರಿ. ಸಾಹೇಬ್ರು ರಿಸೀವರ್ ಹಿಡ್ಕೊಂಡು ತಾರಸಿ ತುಂಬ ಓಡಾಡಿದ್ರೆ?"

ನಿಜ. ಅದಕ್ಕೇ ಮೈಯೆಲ್ಲ ಉರಿಯಿತು. ಕೇಬಲ್ ಕಿತ್ತರೆ ಉಳಿಯೋದು ಅವಳ ಲೆಕ್ಕ. ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕ್ಕೊಂಡ ಹಾಗೆ. ಆದರೂ ಕಿತ್ತು ಹಳೆಯ ಗಿಡ್ಡ ಕೇಬಲನ್ನೇ ಬೆಸೆದೆ. ಅವಸರಕ್ಕೆ ಎರಡು ಸಲ ಬೆರಳು ಸುಟ್ಟಿತು.

ಮೂರಕ್ಕೆ ಸಾಹೇಬ್ರು ಬಂದು, ರಿಸೀವರ್ ಹಿಡಿದು ತಾರಸಿಯ ಮೂಲೆಮೂಲೆಗೂ ನಡೆದರು. ಸಿಗ್ನಲ್ ಅವರ ಬೆನ್ನು ಬಿಡಲಿಲ್ಲ. ಇಳಿದು ಬಂದವರೇ, "ಸಾಫ್ಟ್‌ವೇರೇ ಎಲ್ಲ ಮಾಡ್ತಲ್ಲ," ಅಂದರು, ನನ್ನ ಮುಖ ನೋಡದೆ.

ನಾದಿನಿ ಎದ್ದು ನಿಂತಳು. "ಇಲ್ಲ ಸರ್. ಯಾವ ಆಂಟೆನಾ ಎಷ್ಟು ತೊಂದರೆ ಕೊಡುತ್ತೆ ಅಂತ ಅಳೆದಿದ್ದು ಭಾವ. ಅವರು ಅಳತೆ ಬರೆದಿಡೋ ಪುಸ್ತಕ ಕದ್ದು ನೋಡಿ ನಾನು ಬರೆದೆ. ಅದಿಲ್ದೆ ಒಂದು ಸಾಲೂ ಬರೆಯಕ್ಕಾಗ್ತಿರಲಿಲ್ಲ."

"ಕದ್ದು ಯಾಕಮ್ಮಾ? ಕೇಳಿದ್ರೆ ಕೊಡ್ತಿರಲಿಲ್ವಾ?"

ಅದಕ್ಕೆ ಉತ್ತರ ನಾನೇ ಹೇಳಬೇಕಾಯಿತು.

"ಇಲ್ಲ ಸರ್. ಕೊಡ್ತಿರಲಿಲ್ಲ."

"ನಾಳೆಯಿಂದ ಇಬ್ಬರಿಗೂ ಒಂದೇ ಮೇಜು," ಅಂತ ಸಾಹೇಬ್ರು ಹೊರಟರು. ಕೆಲಸ ಉಳೀತು ಅಂತ ಕುಣೀಬೇಕಿತ್ತು. ನಾಚಿಕೆಗೆ ನನಗೆ ಅವಳ ಕಡೆ ತಿರುಗಕ್ಕೇ ಆಗಲಿಲ್ಲ.